ಕೆಂಪು ನ್ಯಾಟ್, ಬೆಳ್ಳಿ ನ್ಯಾಟ್

ಶೋಕೇಸಿಗೆ ಒಂದು ಹಳೇ ಯುದ್ಧವಿಮಾನದ ಮಾಡೆಲ್ ಬೇಕು, ರೆಡಿಮೇಡ್ ತಗೊಳ್ಳೋದಾ, ಬಿಡಿ ತುಂಡುಗಳ ಕಿಟ್ ತಂದು ನಾವೇ ಜೋಡಿಸೋದಾ? ಕಳೆದ ವಾರ ಶಿವಮೊಗ್ಗದ ಗೆಳೆಯನೊಬ್ಬ ಕೇಳಿದ. ಫೋನಲ್ಲೇ ಎರಡು ಮಾತು ಹೇಳಿ ಮುಗಿಸೋಣ ಅಂತ ಹೊರಟೆ. ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಆ ಕಡೆ ಅವನ ಊಟ ಆರಿತು, ಈ ಕಡೆ ನನ್ನ ಹೆಂಡತಿಯ ಮುಖ ಗಂಟಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಒಂಬತ್ತು ಜನರಿಗೆ ನನ್ನ ಉತ್ತರ, ಸುಮ್ನೆ ಕೊಂಡುಕೊಳ್ಳಿ. ನಾನೂ ಕೊಂಡಿದ್ದೇನೆ. ನಮ್ಮ ಜಗಲಿಯ ಗಾಜಿನ ಕಪಾಟಿನಲ್ಲಿ ಒಂದು ಲೋಹದ ಸ್ಪಿಟ್‌ಫೈರ್ ಇದೆ. ಮಿಚೆಲ್ ಎಂಬ ಇಂಜಿನಿಯರ್ ವಿನ್ಯಾಸ ಮಾಡಿದ, 1936ರಲ್ಲಿ ಮೊದಲು ಹಾರಿದ ವಿಮಾನ. ಅದರ ರೆಕ್ಕೆ ವೀಳ್ಯದೆಲೆಯ ಅಂಚಿನಂತೆ ಬಾಗಿದೆ. ಆ ಬಾಗು ನೋಡಿಕೊಂಡು ಒಂದು ಲೋಟ ಕಾಫಿ ಕುಡಿಯಬಹುದು. ಬಿಚ್ಚಿದೆ, ಸ್ಟ್ಯಾಂಡ್ ಮೇಲೆ ಇಟ್ಟೆ, ಮುಗಿಯಿತು. ಕೈಗೆ ಬಣ್ಣ ಮೆತ್ತಲಿಲ್ಲ, ಮನೆಯಲ್ಲಿ ಥಿನ್ನರ್ ವಾಸನೆ ಬರಲಿಲ್ಲ.

ಕಿಟ್ ಜೋಡಿಸುವವರಲ್ಲಿ ಕೆಲವರಿಗೆ ಒಂದು ಗತ್ತು ಇರುತ್ತದೆ. 'ಕಾಸು ಕೊಟ್ರೆ ಯಾರು ಬೇಕಾದ್ರೂ ತರ್ತಾರೆ ಬಿಡಿ' ಅನ್ನುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಚೌತಿಗೆ ಗಣಪನನ್ನು ಮಾಡುವವರ ಹತ್ತಿರ ಹೋಗಿ ತರುತ್ತೇವೆ. ಮಣ್ಣು ನಾವು ಕಲಸಲಿಲ್ಲ ಅಂತ ಪೂಜೆ ಕಡಿಮೆ ಆಗುತ್ತದಾ? ನೋಡುವ ಖುಷಿ ಬೇರೆ, ಮಾಡುವ ಖುಷಿ ಬೇರೆ. ಒಂದಿದ್ದವರಿಗೆ ಇನ್ನೊಂದು ಇರಲೇಬೇಕು ಅಂತೇನಿಲ್ಲ.

ಕಿಟ್ ಅಗ್ಗ ಅನ್ನುವುದೂ ಸುಳ್ಳು. ನನ್ನ ಮೊದಲ ಕಿಟ್‌ಗೆ ಕೊಟ್ಟದ್ದು 2200 ರೂಪಾಯಿ. ಆಮೇಲೆ ಕಟರ್, ಚಿಮಟ, ಅರ, ನೀರುಕಾಗದ, ಮೂರು ಬ್ರಷ್, ಪ್ರೈಮರ್, ಬಣ್ಣ, ಪ್ಲಾಸ್ಟಿಕ್ ಸಿಮೆಂಟ್ ಅನ್ನುವ ಅಂಟು. ಎಲ್ಲ ಸೇರಿ 6000 ದಾಟಿತು. ಅದಕ್ಕಿಂತ ಕಡಿಮೆಗೆ ರೆಡಿಮೇಡ್ ಬರುತ್ತಿತ್ತು. ಸಾಮಾನು ಮುಂದಿನ ಕಿಟ್‌ಗೂ ಆಗುತ್ತದಲ್ಲ ಅಂತ ಹೆಂಡತಿಗೆ ಹೇಳಿದೆ. 'ಮುಂದಿನದ್ದೂ ಉಂಟಾ?' ಅಂದಳು.

ಹಾಗಿದ್ದರೂ ನಾನು ಕಿಟ್‌ಗೆ ಕೈ ಹಾಕಿದ್ದು ಯಾಕೆ? ನಮ್ಮ ದೊಡ್ಡಪ್ಪನಿಂದ.

ದೊಡ್ಡಪ್ಪ 1968ರಲ್ಲಿ ಏರ್‌ಫೋರ್ಸ್ ಸೇರಿದವರು. ಜಾಲಹಳ್ಳಿಯಲ್ಲಿ ಟ್ರೈನಿಂಗ್, ಆಮೇಲೆ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ರಿಪೇರಿ ಮಾಡುವವರು. 71ರಲ್ಲಿ ಕಲ್ಕತ್ತದ ಕಡೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳ ಜೊತೆ ಇದ್ದರು. 15 ವರ್ಷ ದುಡಿದು ಬಂದವರು ಮತ್ತೆ ತೀರ್ಥಹಳ್ಳಿಯ ಈ ತೋಟ ಬಿಟ್ಟು ಹೋಗಲಿಲ್ಲ. ಏರ್‌ಫೋರ್ಸ್ ಬಗ್ಗೆ ಮಾತಾಡಿದ್ದೂ ಕಡಿಮೆ. ಕೇಳಿದರೆ 'ಹೌದು, ಇದ್ದೆ' ಅನ್ನುತ್ತಾರೆ, ಅಡಿಕೆ ರೇಟಿಗೆ ಮಾತು ತಿರುಗಿಸುತ್ತಾರೆ.

ಅವರಿಗೆ 75 ತುಂಬಿದಾಗ ಒಂದು ನ್ಯಾಟ್ ಕೊಡೋಣ ಅಂತ ಹುಡುಕಿದೆ. ಚೆಂದದ ಲೋಹದ ಮಾಡೆಲ್ ಸಿಕ್ಕಿತು, ಕೆಂಪಗೆ ಮಿರಮಿರ ಮಿಂಚುವಂಥದ್ದು. ತರಿಸಿ ಕೊಟ್ಟೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ಒಂದು ಸುತ್ತು ತಿರುಗಿಸಿದರು. 'ಚೆನ್ನಾಗುಂಟು' ಅಂದರು. ಆಮೇಲೆ ಕಾಕ್‌ಪಿಟ್ ಹತ್ತಿರ ಉಗುರಿಟ್ಟು, 'ಇಬ್ರು ಕೂರೋದು ಇದು. ನಮ್ಮದ್ರಲ್ಲಿ ಒಬ್ನೇ ಮಾರಾಯ' ಅಂದರು. ಅಷ್ಟೇ. ಟಿ.ವಿ. ಪಕ್ಕ ಇಟ್ಟು ತೋಟಕ್ಕೆ ಹೋದರು.

ಆಮೇಲೆ ಓದಿ ನೋಡಿದೆ, ಅವರು ಹೇಳಿದ್ದೇ ಸರಿ. ನಾನು ಕೊಂಡಿದ್ದು ಬ್ರಿಟನ್ನಿನ ರೆಡ್ ಆರೋಸ್ ತಂಡದ ನ್ಯಾಟ್. ಆ ತಂಡ 1965ರಿಂದ 1979ರವರೆಗೆ ಆಕಾಶದಲ್ಲಿ ಕಸರತ್ತು ಮಾಡಿದ್ದು ಎರಡು ಸೀಟಿನ ಟ್ರೈನರ್‌ನಲ್ಲಿ. ನಮ್ಮ ವಾಯುಪಡೆಯಲ್ಲಿ ಇದ್ದದ್ದು ಒಂದು ಸೀಟಿನ ಫೈಟರ್. ಬೆಂಗಳೂರಿನಲ್ಲೇ ಎಚ್‌ಎಎಲ್ ಲೈಸೆನ್ಸ್ ಪಡೆದು ಕಟ್ಟಿದ ವಿಮಾನ. ಮುಂದೆ ಅದನ್ನೇ ತಿದ್ದಿ ಅಜೀತ್ ಮಾಡಿದರು. 1965ರಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಉರುಳಿಸಿದ್ದು, 71ರ ನವೆಂಬರ್ 22ರಂದು ಬೊಯ್ರಾದಲ್ಲಿ ಕಾದಿದ್ದು, ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್ ಜಿತ್ ಸಿಂಗ್ ಸೆಖೋನ್ ದಾಳಿಗೆ ಬಂದ ಸೇಬರ್‌ಗಳನ್ನು ಒಬ್ಬರೇ ಎದುರಿಸಿ ಪ್ರಾಣ ಬಿಟ್ಟಿದ್ದು, ಎಲ್ಲ ಈ ಒಂದು ಸೀಟಿನದ್ದರಲ್ಲಿ. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಸೆಖೋನ್ ಅವರದ್ದು.

ರೆಡಿಮೇಡ್‌ನ ತೊಂದರೆ ಇದೇ. ಜಗತ್ತಿನಲ್ಲಿ ಯಾವುದು ಜಾಸ್ತಿ ಖರ್ಚಾಗುತ್ತದೋ ಅದನ್ನೇ ಮಾಡುತ್ತಾರೆ. ಸ್ಪಿಟ್‌ಫೈರ್, ಮಸ್ಟಾಂಗ್, ಮೆಸ್ಸರ್‌ಶ್ಮಿಟ್, ಜೀರೋ. ಅದರಲ್ಲೂ ಯುರೋಪಿನ ಬಣ್ಣ, ಯುರೋಪಿನ ಗುರುತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ (ಮುಂದೆ ವಾಯುಪಡೆಯ ಮುಖ್ಯಸ್ಥರಾದವರು) ಅವರ ಸ್ಕ್ವಾಡ್ರನ್, ಅಂದರೆ ತುಕಡಿ, ಹಾರಿಸಿದ ಹರಿಕೇನ್ ವಿಮಾನ ಬೇಕು ಅನ್ನಿ, ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ಬರ್ಮಾ ಕಡೆಯ ವಿಮಾನಗಳಲ್ಲಿ ರೆಕ್ಕೆಯ ಗುಂಡು ಗುರುತಿನ ನಡುವಿನ ಕೆಂಪನ್ನೇ ತೆಗೆದಿದ್ದರು. ಜಪಾನಿನ ಕೆಂಪು ಸೂರ್ಯ ಅಂದುಕೊಂಡು ನಮ್ಮವರೇ ನಮ್ಮವರಿಗೆ ಹೊಡೆಯಬಾರದು ಅಂತ. ಈ ಚಿಕ್ಕ ವಿಷಯ ನಿಮಗೆ ಮುಖ್ಯ ಅನ್ನಿಸದಿದ್ದರೆ ಕೊಂಡುಕೊಳ್ಳಿ, ನೆಮ್ಮದಿಯಾಗಿರಿ. ರಾತ್ರಿ ಮಲಗಿದಾಗಲೂ 'ಆ ಕೆಂಪು ಇರಬಾರದಿತ್ತು' ಅಂತ ಕೊರೆಯುತ್ತದೆ ಅಂದರೆ ನಿಮ್ಮ ಹಣೆಬರಹ ಕಿಟ್. ಬೇರೆ ದಾರಿ ಇಲ್ಲ.

ಮರದಲ್ಲಿ ಮಾಡಿಸಬಹುದಾ ಅಂತಲೂ ನೋಡಿದೆ. ಸಾಗರದ ಗುಡಿಗಾರರ ಕೈಚಳಕ ಗೊತ್ತಲ್ಲ, ಗಂಧದ ಮರದಲ್ಲಿ ದೇವರ ಕಿರೀಟದ ಎಳೆ ಎಳೆ ತೆಗೆಯುವವರು. ಒಬ್ಬರಿಗೆ ಫೋಟೋ ತೋರಿಸಿದೆ. 'ಮೇಲಿಂದ ಹೇಗೆ ಕಾಣ್ತದೆ? ಹಿಂದಿಂದ?' ಅಂತ ಕೇಳಿದರು. ನನ್ನ ಹತ್ತಿರ ಇದ್ದದ್ದು ಪಕ್ಕದ ನೋಟ ಒಂದೇ. ಆ ವಿಷಯ ಅಲ್ಲಿಗೇ ನಿಂತಿತು.

ಒಂದು ಸೀಟಿನ ನ್ಯಾಟ್ ಕಿಟ್ ಸಿಕ್ಕಿದ್ದು ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿಯದ್ದು, 1/72 ಅಳತೆ. ಅಂದರೆ ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ನಿಜವಾದ ನ್ಯಾಟ್‌ನ ರೆಕ್ಕೆ ತುದಿಯಿಂದ ತುದಿಗೆ ಬರೀ 6.7 ಮೀಟರ್. ನನ್ನ ಕೈಯಲ್ಲಿ ಅದು 9 ಸೆಂಟಿಮೀಟರ್ ಚಿಲ್ಲರೆ. ಗೊನೆಯಲ್ಲಿ ಅಡಿಕೆ ನೇತಾಡುವ ಹಾಗೆ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳು. ಕೆಲವು ಅಕ್ಕಿಕಾಳಿಗಿಂತ ಸಣ್ಣ.

ಜೂನ್‌ನಲ್ಲಿ ಶುರು ಮಾಡಿದ್ದು ನನ್ನ ದಡ್ಡತನ. ಆಗುಂಬೆ ನಮಗೆ ಒಂದು ಗಂಟೆ ದಾರಿ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಇಲ್ಲಿ ಅಷ್ಟಿಲ್ಲ, ಆದರೆ ಚಪ್ಪಲಿಗೆ ಬೂಷ್ಟು ಬರುವಷ್ಟು ಉಂಟು. ಬೆಳ್ಳಿ ಬಣ್ಣ ಸ್ಪ್ರೇ ಮಾಡಿದೆ. ಹತ್ತು ನಿಮಿಷಕ್ಕೆ ಮೇಲೆ ಬೂದಿ ಹಾಕಿದ ಹಾಗೆ ಬಿಳಿಚಿಕೊಂಡಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಪೂರ್ತಿ ಉಜ್ಜಿ ಮತ್ತೆ ಮೊದಲಿಂದ. ದೊಡ್ಡಮ್ಮ ನೋಡಿ, 'ಒಲೆ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬ ಉಂಟಲ್ಲ, ಅದ್ರ ಪಕ್ಕ ಇಡು, ಗರಿಗರಿ ಆಗ್ತದೆ' ಅಂದರು. ಇಟ್ಟಿದ್ದರೆ ರೆಕ್ಕೆಯೂ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು.

ಮೂತಿಯಲ್ಲಿ ಭಾರ ತುಂಬಬೇಕು, ಇಲ್ಲದಿದ್ದರೆ ಮೂರು ಗಾಲಿಯ ಈ ವಿಮಾನ ಬಾಲ ಊರಿ ಕೂರುತ್ತದೆ. ಪಕ್ಕದ ಮನೆ ಹುಡುಗ ತುಂಗೆಯಲ್ಲಿ ಗಾಳ ಹಾಕುತ್ತಾನೆ (ಚಿಪ್ಪಲಗುಡ್ಡೆಯಲ್ಲಲ್ಲ, ಅಲ್ಲಿ ಮೀನು ಮುಟ್ಟುವ ಹಾಗಿಲ್ಲ). ಅವನ ಹತ್ತಿರ ಎರಡು ಸೀಸದ ಗುಂಡು ಇಸ್ಕೊಂಡೆ. ಗಾಲಿಯ ಒಂದು ಬಾಗಿಲು ಕಟರ್‌ನಿಂದ ಚಿಮ್ಮಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೆಂಪು ನೆಲದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿ, ಕೊನೆಗೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಬಾಗಿಲು ಮಾಡಿದೆ. ಅದನ್ನು ಸೂಪರ್ ಗ್ಲೂನಿಂದ ಅಂಟಿಸಿ, ತೇವ ತಾಗಬಾರದು ಅಂತ ಸ್ಟೀಲ್ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದೆ. ಜಾಣತನ ಅಂದುಕೊಂಡೆ. ಬೆಳಿಗ್ಗೆ ತೆಗೆದರೆ ಕಾಕ್‌ಪಿಟ್‌ನ ಗಾಜಿನ ಮುಚ್ಚಳ ಮಂಜು ಹಿಡಿದಂತೆ ಬೆಳ್ಳಗೆ. ನಡುವೆ ನನ್ನ ಹೆಬ್ಬೆರಳಿನ ಗುರುತು, ಗೆರೆ ಗೆರೆ ಎಣಿಸಬಹುದು. ಪೊಲೀಸರು ಬೆರಳಚ್ಚು ಎತ್ತುವುದೂ ಈ ಅಂಟಿನ ಹೊಗೆಯಿಂದಲೇ ಅಂತೆ. ಗಾಜಿನ ಹತ್ತಿರ ಬಿಳಿ ಅಂಟೇ ಹಾಕಬೇಕಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಅರ್ಧ ಹೋಯಿತು.

ಅಂತೂ ದೀಪಾವಳಿ ಹೊತ್ತಿಗೆ ಮುಗಿಯಿತು. ಬೆಳ್ಳಿ ಬಣ್ಣದಲ್ಲಿ ಒಂದೊಂದು ಗೀರೂ ಎದ್ದು ಕಾಣುತ್ತಿತ್ತು. ಕೊಡೋದೋ ಬೇಡವೋ ಅನ್ನಿಸಿತು. ಕೊಟ್ಟೆ.

ದೊಡ್ಡಪ್ಪ ಈ ಸಲ 'ಚೆನ್ನಾಗುಂಟು' ಅನ್ನಲಿಲ್ಲ. ನೇರ ತಲೆಕೆಳಗೆ ಮಾಡಿದರು. ಹೊಟ್ಟೆ ನೋಡಿದರು. ಎಟಿಎಂ ಕಾರ್ಡಿನ ಬಾಗಿಲಿನ ಮೇಲೆ ಬೆರಳಾಡಿಸಿ, 'ಇದು ದಪ್ಪ ಆಯ್ತು' ಅಂದರು. ನಾನು ಯಾರಿಗೂ ಹೇಳಿರಲಿಲ್ಲ. 'ಈ ಬಾಗಿಲು ಸುಮ್ನೆ ಬಾಗಿಲಲ್ಲ ಮಾರಾಯ, ಬ್ರೇಕು. ಗಾಲಿ ಅರ್ಧ ಇಳಿಸಿದ್ರೆ ಇವು ಗಾಳಿಗೆ ಅಡ್ಡ ನಿಲ್ತಿದ್ವು. ದಪ್ಪ ಇದ್ರೆ ಹ್ಯಾಗೆ ಮುಚ್ಕೊಳ್ತದೆ?' ಆಮೇಲೆ ಕಾಕ್‌ಪಿಟ್. 'ಒಳಗೆ ಕೂತವನಿಗೆ ಹೊರಗೆ ಕಾಣ್ಬೇಕಲ್ಲ. ಉಜ್ಜು ಇನ್ನೂ.' ಬಂದೂಕು ಜಾಮ್ ಆಗುತ್ತಿದ್ದದ್ದು, ಹಾಗಾದಾಗ ಪೈಲಟ್‌ಗಳು ಇಳಿದು ಬಂದು ಬೈಯುತ್ತಿದ್ದದ್ದು, ವಿಮಾನ ಎಷ್ಟು ಗಿಡ್ಡ ಅಂದರೆ ನೆಲದ ಮೇಲೆ ನಿಂತೇ ಕೈಗೆಟುಕುತ್ತಿದ್ದದ್ದು. ಕಾಫಿ ಎರಡು ಸಲ ಬಂತು. ಅಡಿಕೆ ರೇಟಿನ ಸುದ್ದಿ ಒಂದು ಸಲವೂ ಬರಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಿಂತು, 'ಇದೆಲ್ಲ ನಂಗೂ ಹೇಳಿಲ್ಲ ಇವ್ರು' ಅಂದರು.

ಕೆಂಪು ನ್ಯಾಟ್ ಏನಾಯಿತು ಅಂತೀರಾ? ಮೊಮ್ಮಗಳ ಕೈ ಸೇರಿದೆ. ಜಗಲಿ ತುಂಬ ಹಾರಿಸುತ್ತಾಳೆ, ಮೆಟ್ಟಿಲ ಮೇಲೆ ಎರಡು ಸಲ ಬಿದ್ದರೂ ಮೂತಿ ನೆಟ್ಟಗಿದೆ. ಲೋಹ ಅಲ್ವಾ. ನನ್ನದು ಒಂದು ಸಲ ಬಿದ್ದಿದ್ದರೂ ಗುಡಿಸಿ ತುಂಬಿಕೊಳ್ಳಬೇಕಿತ್ತು. ಮಕ್ಕಳಿರುವ ಮನೆಗೆ ರೆಡಿಮೇಡ್ ಲೋಹದ್ದೇ ಸರಿ, ಇದರಲ್ಲಿ ಚರ್ಚೆಯೇ ಇಲ್ಲ.

ಗೆಳೆಯನಿಗೆ ಕೊನೆಗೆ ಕೇಳಿದೆ, 'ನಿಂಗೆ ಯಾವ ವಿಮಾನ ಬೇಕು?' 'ಯಾವುದಾದ್ರೂ ಹಳೇದು, ಚೆನ್ನಾಗಿ ಕಾಣ್ಬೇಕು' ಅಂದ. ಕೊಂಡುಕೋ ಅಂದೆ. ಯಾವ ಸ್ಕ್ವಾಡ್ರನ್, ಯಾವ ವರ್ಷ ಅಂತ ಅವನೇ ಶುರು ಮಾಡಿದ್ದರೆ ಕಟರ್ ತಗೋ ಅನ್ನುತ್ತಿದ್ದೆ. ಅದೂ ಡಿಸೆಂಬರ್‌ನಿಂದ ಮೇ ಒಳಗೆ.

ನನ್ನ ಕೆಲಸ ಇನ್ನೂ ಮುಗಿದಿಲ್ಲ. ಮೊನ್ನೆ ದೊಡ್ಡಪ್ಪ ಒಂದು ಚೀಟಿ ಕೊಟ್ಟರು. ಇಂಗ್ಲಿಷಿನ ಇ ಅಕ್ಷರ, ಮುಂದೆ ನಾಲ್ಕು ಅಂಕಿ. ತಾವು ಜಾಸ್ತಿ ದಿನ ಕೆಲಸ ಮಾಡಿದ ವಿಮಾನದ ನಂಬರ್. 54 ವರ್ಷ ಆದಮೇಲೂ ನೆನಪಿದೆ. 'ನೀನು ಹಾಕಿದ ನಂಬರ್ ನಂದಲ್ಲ' ಅಂದರು. ಕಿಟ್‌ನ ಡಿಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತು, ನಂಬರ್) ಹಾಳೆಯಲ್ಲಿ ಆ ನಂಬರ್ ಇಲ್ಲ. ಉಳಿದ ನಂಬರ್‌ಗಳಿಂದ ಒಂದೊಂದೇ ಅಂಕಿ ಕತ್ತರಿಸಿ, ನೀರಲ್ಲಿ ನೆನೆಸಿ, ಜೋಡಿಸುತ್ತಿದ್ದೇನೆ. ಒಂದು 7 ಕಡಿಮೆ ಬಿದ್ದಿದೆ. ಯಾರ ಹತ್ತಿರವಾದರೂ 1/72ರ ಕಪ್ಪು ಅಂಕಿಗಳ ಡಿಕಾಲ್ ಉಳಿದಿದ್ದರೆ ದಯವಿಟ್ಟು ತಿಳಿಸಿ. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಎಲ್ಲಿಗೆ ಬೇಕಾದರೂ ಬಂದು ಇಸ್ಕೊಳ್ಳುತ್ತೇನೆ.