ಡಬ್ಬಿಯ ಹೆಸರು ಹೇಳುವ ವಿಜ್ಞಾನಿಗಳು

ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ, ಗಿಡಮೂಲಿಕೆ ಕ್ಯಾಪ್ಸೂಲ್ ಇತ್ಯಾದಿಗಳ ಬಗ್ಗೆ ತಜ್ಞರು ಕೈಗೆ ಸಿಕ್ಕರೆ ನಾವು ಕೇಳುವುದು ಒಂದೇ ಪ್ರಶ್ನೆ: ಇದು ಒಳ್ಳೆಯದೋ ಕೆಟ್ಟದ್ದೋ? ಈ ಕ್ಷೇತ್ರದ ಸಂಶೋಧನಾ ಪ್ರಬಂಧಗಳನ್ನು ಓದುವ ಚಟ ನನಗಿದೆ. ಓದುತ್ತಾ ಹೋದಂತೆ ಅರ್ಥವಾದದ್ದೇನೆಂದರೆ, ಸಪ್ಲಿಮೆಂಟ್‌ಗಳ ಸುರಕ್ಷತೆಯ ಮೇಲೆ ಕೆಲಸ ಮಾಡುವ ಎಷ್ಟೋ ವಿಜ್ಞಾನಿಗಳ ಆಯುಷ್ಯ ಸವೆಯುವುದು ಅದಕ್ಕಿಂತ ಹಿಂದಿನ ಪ್ರಶ್ನೆಯಲ್ಲಿ. ಡಬ್ಬಿಯೊಳಗೆ ಇರುವುದಾದರೂ ಏನು?

ಕೇಳಲು ಸುಲಭ, ಉತ್ತರ ಕಷ್ಟ. ಬಿಲ್‌ಬೆರಿ ಎಂಬ ಹಣ್ಣಿನ ಸಾರವನ್ನೇ ತೆಗೆದುಕೊಳ್ಳಿ. ದುಬಾರಿ ಸರಕು. ಅದರ ಬೆಲೆ ನಿಂತಿರುವುದು ಆಂಥೋಸಯಾನಿನ್ ಎಂಬ ಬಣ್ಣದ ಅಂಶದ ಮೇಲೆ. ದ್ರಾವಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ಅಳೆಯುವುದು ಹಳೆಯ ಪರೀಕ್ಷೆ. ಕಲಬೆರಕೆ ಮಾಡುವವರು ಅದಕ್ಕೆ ಅಮರಾಂತ್ ಎಂಬ ಕೃತಕ ಕೆಂಪು ಬಣ್ಣ ಬೆರೆಸಿದರು. ಅದು ಹೀರುವ ಬೆಳಕೂ ಹೆಚ್ಚುಕಡಿಮೆ ಅದೇ ಅಲೆಯುದ್ದದ್ದು. ಯಂತ್ರಕ್ಕೆ ವ್ಯತ್ಯಾಸ ತಿಳಿಯಲಿಲ್ಲ, ಮಾಲು ಪಾಸಾಯಿತು. ಒಂದೊಂದು ಅಂಶವನ್ನೂ ಬೇರ್ಪಡಿಸಿ ನೋಡುವ ಕ್ರೊಮಟೋಗ್ರಫಿಗೆ ಹಾಕಿದಾಗ ಗುಟ್ಟು ರಟ್ಟಾಯಿತು. 2006ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಪ್ರೋಟೀನ್ ಪುಡಿಯದ್ದೂ ಇದೇ ಕಥೆ. ಹಳೆಯ ಪರೀಕ್ಷೆ ನೇರವಾಗಿ ಪ್ರೋಟೀನನ್ನು ಅಳೆಯುವುದಿಲ್ಲ, ಸಾರಜನಕವನ್ನು ಅಳೆದು ಲೆಕ್ಕ ಹಾಕುತ್ತದೆ. ಸಾರಜನಕವಿರುವ ಅಗ್ಗದ ಅಮೈನೋ ಆಮ್ಲ ಸುರಿದರೂ ಸಂಖ್ಯೆ ಏರುತ್ತದೆ. ಮೋಸ ಮಾಡುವವನಿಗೂ ರಸಾಯನಶಾಸ್ತ್ರ ಚೆನ್ನಾಗಿಯೇ ಗೊತ್ತಿರುತ್ತದೆ.

ಹಾಗೆಂದು ಪರೀಕ್ಷೆ ಮಾಡಿದವರೆಲ್ಲ ಸರಿ ಎಂದೂ ಅಲ್ಲ. 2015ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ ಡಿಎನ್‌ಎ ಪರೀಕ್ಷೆ ಮಾಡಿಸಿ, ದೊಡ್ಡ ಮಳಿಗೆಗಳ ಗಿಡಮೂಲಿಕೆ ಉತ್ಪನ್ನಗಳಲ್ಲಿ ಹೇಳಿದ ಗಿಡವೇ ಇಲ್ಲ ಎಂದಿತು. ಉದ್ಯಮದ ಕಡು ಟೀಕಾಕಾರರೂ ಆಗ ಇದನ್ನು ಒಪ್ಪಲಿಲ್ಲ. ಕಾಯಿಸಿ, ದ್ರಾವಕದಲ್ಲಿ ಅದ್ದಿ ತೆಗೆದ ಸಾರದಲ್ಲಿ ಡಿಎನ್‌ಎ ಉಳಿಯದೇ ಹೋಗಬಹುದು. ಡಿಎನ್‌ಎ ಸಿಗಲಿಲ್ಲ ಎಂದರೆ ಗಿಡ ಇರಲಿಲ್ಲ ಎಂದರ್ಥವಲ್ಲ. ತಮ್ಮ ವಾದಕ್ಕೆ ಅನುಕೂಲವಾಗಿದ್ದ ಸುದ್ದಿಯನ್ನೂ ಒಪ್ಪದವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಆಗಲೇ.

ಇನ್ನು ಕಾನೂನು. ಅಮೆರಿಕದಲ್ಲಿ 1994ರ ಕಾಯ್ದೆ ಸಪ್ಲಿಮೆಂಟ್‌ಗಳನ್ನು ಔಷಧಿಗಳ ಸಾಲಿನಿಂದ ಹೊರಗಿಟ್ಟು ಆಹಾರದ ಸಾಲಿಗೆ ಸೇರಿಸಿತು. ಮಾರುವ ಮೊದಲು ಸುರಕ್ಷಿತ ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕಾಗಿಲ್ಲ. ಹೊಸ ಅಂಶವಿದ್ದರೆ 75 ದಿನ ಮುಂಚೆ ತಿಳಿಸಬೇಕು, ಅಷ್ಟೇ. ಆಮೇಲೆ ಅಪಾಯಕಾರಿ ಎಂದು ಸಾಬೀತುಪಡಿಸುವ ಹೊರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೇಲೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕು ಎಂದು ಕಾನೂನೇ ಬರೆದುಕೊಟ್ಟಂತಾಯಿತು. ಎಫೆಡ್ರಾ ಎಂಬ ತೂಕ ಇಳಿಸುವ ಮೂಲಿಕೆಯ ಪ್ರಮಾಣಕ್ಕೆ ಮಿತಿ ಹಾಕಲು ಎಫ್‌ಡಿಎ 1997ರಲ್ಲೇ ಹೊರಟಿತ್ತು. ಆಗಲಿಲ್ಲ. 2003ರಲ್ಲಿ ಎಫೆಡ್ರಾ ತೆಗೆದುಕೊಂಡಿದ್ದ 23 ವರ್ಷದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ತೀರಿಕೊಂಡ, 2004ರಲ್ಲಿ ನಿಷೇಧ ಬಂತು. ಅದರ ಮೇಲೂ ಕೋರ್ಟು ಕಟ್ಟಳೆ. ನಿಷೇಧ ಮೇಲ್ಮನವಿಯಲ್ಲಿ ಗಟ್ಟಿಯಾಗಿ ನಿಂತದ್ದು 2006ರಲ್ಲಿ.

ನನ್ನ ಮುಖ್ಯ ತಕರಾರು ಇರುವುದು ಮುಂದಿನ ಪ್ರಕರಣದಲ್ಲಿ.

ಅಕೇಸಿಯ ರಿಜಿಡುಲ ಎಂಬ ಪೊದೆಯ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಗಳು ಮಾರಾಟವಾಗುತ್ತಿದ್ದವು. ಎಫ್‌ಡಿಎಯ ಸ್ವಂತ ವಿಜ್ಞಾನಿಗಳು 21 ಉತ್ಪನ್ನಗಳನ್ನು ಪರೀಕ್ಷಿಸಿ, ಅವುಗಳಲ್ಲಿ 9ರಲ್ಲಿ ಬಿಎಂಪಿಇಎ ಎಂಬ ಉತ್ತೇಜಕ ಇದೆ ಎಂದು ಕಂಡುಕೊಂಡರು. ಅದು ಆಂಫೆಟಮಿನ್ ಎಂಬ ಉತ್ತೇಜಕ ಔಷಧಿಯ ಹತ್ತಿರದ ಸಂಬಂಧಿ. ನಿಜವಾದ ಗಿಡವನ್ನು ತಂದು ನೋಡಿದರೆ ಅದರಲ್ಲಿ ಈ ಅಂಶವೇ ಇಲ್ಲ. ಫಲಿತಾಂಶ 2013ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಯಾವ ಬ್ರ್ಯಾಂಡ್ ಎಂದು ಮಾತ್ರ ಅದರಲ್ಲಿ ಇರಲಿಲ್ಲ. ಮಾತ್ರೆ ನುಂಗುವವನಿಗೆ ಆ ಪ್ರಬಂಧದಿಂದ ಏನು ಉಪಯೋಗ, ನೀವೇ ಹೇಳಿ.

2015ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವೈದ್ಯ ಪೀಟರ್ ಕೋಹೆನ್ ಮತ್ತು ಸಂಗಡಿಗರು ಮತ್ತೆ 21 ಉತ್ಪನ್ನ ಪರೀಕ್ಷಿಸಿದರು. 11ರಲ್ಲಿ ಬಿಎಂಪಿಇಎ ಸಿಕ್ಕಿತು. ಈ ಸಲ ಹೆಸರು ಹಾಕಿ ಪ್ರಕಟಿಸಿದರು. ಅದೇ ತಿಂಗಳು ಎಫ್‌ಡಿಎಯಿಂದ ಕಂಪನಿಗಳಿಗೆ ಎಚ್ಚರಿಕೆ ಪತ್ರ ಹೋಯಿತು. ಅಷ್ಟು ಕಾಲ ಕಡತದೊಳಗೆ ಮಲಗಿದ್ದ ಸತ್ಯ, ಹೆಸರು ಸೇರಿದೊಡನೆ ಎದ್ದು ಓಡಿತು.

ಕೋಹೆನ್‌ಗೆ ಸಿಕ್ಕ ಬಹುಮಾನವೇನು? ಒಂದು ಕಂಪನಿಯಿಂದ 20 ಕೋಟಿ ಡಾಲರ್‌ಗಳ ಮಾನನಷ್ಟ ಮೊಕದ್ದಮೆ. 2016ರಲ್ಲಿ ಬಾಸ್ಟನ್‌ನ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು, ನಿಜ. ಆದರೆ ಪ್ರಯೋಗಾಲಯದಲ್ಲಿ ಕೂತು ಕ್ರೊಮಟೋಗ್ರಫಿ ನಕ್ಷೆಯ ಏರುಗಳನ್ನು ಎಣಿಸಬೇಕಾದವರು ಕಟಕಟೆಯಲ್ಲಿ ನಿಂತು ಆ ನಕ್ಷೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಇದನ್ನು ನೋಡಿದ ಕಿರಿಯ ಸಂಶೋಧಕ ಮುಂದಿನ ಸಲ ‘ಉತ್ಪನ್ನ ಅ’, ‘ಉತ್ಪನ್ನ ಆ’ ಎಂದು ಬರೆದು ಕೈತೊಳೆದುಕೊಂಡರೆ ಅವನನ್ನು ಹೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ವಿಧಾನ ಸರಿಯಿದ್ದು, ಸಹ ವಿಜ್ಞಾನಿಗಳು ಪರಿಶೀಲಿಸಿ ಪ್ರಕಟವಾದ ಫಲಿತಾಂಶಕ್ಕೆ ಕಾನೂನಿನ ರಕ್ಷಣೆ ಇರಬೇಕು. ಸರ್ಕಾರಿ ಪ್ರಯೋಗಾಲಯವಂತೂ ಹೆಸರು ಮುಚ್ಚಿಡಲೇ ಬಾರದು. ತೆರಿಗೆ ಕಟ್ಟುವವರ ಹಣದಲ್ಲಿ ಮಾಡಿದ ಪರೀಕ್ಷೆಯ ಉತ್ತರ ತೆರಿಗೆ ಕಟ್ಟುವವರಿಗೇ ಗುಟ್ಟೇ?

ಉದ್ಯಮದವರ ವಾದದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಕೋಹೆನ್ ಅವರೇ 2023ರಲ್ಲಿ ನಿದ್ದೆಗೆಂದು ಅಗಿದು ತಿನ್ನುವ 25 ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರ ಲೇಬಲ್ ತಪ್ಪಾಗಿತ್ತು. ಮೆಲಟೋನಿನ್ ಇದ್ದವುಗಳಲ್ಲಿ ಅದು ಹೇಳಿದ ಪ್ರಮಾಣದ ಶೇ 74ರಿಂದ ಶೇ 347ರವರೆಗೆ ಇತ್ತು. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ಕಾಲ ಕಳೆದಂತೆ ಅಂಶ ಕುಂದುತ್ತದೆ, ಅವಧಿ ಮುಗಿಯುವವರೆಗೂ ಲೇಬಲ್‌ನಷ್ಟು ಉಳಿಯಲೆಂದು ಸ್ವಲ್ಪ ಹೆಚ್ಚು ಹಾಕುತ್ತೇವೆ ಎಂದು ತಯಾರಕರು ಹೇಳುತ್ತಾರೆ. ಒಪ್ಪೋಣ. ಆದರೆ ಸ್ವಲ್ಪ ಹೆಚ್ಚು ಎಂದರೆ ಮೂರೂವರೆ ಪಟ್ಟೇ?

ಸಪ್ಲಿಮೆಂಟ್ ಎಂದರೆ ಎಲ್ಲವೂ ದಗಾ ಎನ್ನುವವರ ಪಕ್ಷವೂ ನನ್ನದಲ್ಲ. ನರಕೊಳವೆಯ ದೋಷ, ಅಂದರೆ ಮಿದುಳು ಬೆನ್ನುಹುರಿಗಳು ಸರಿಯಾಗಿ ರೂಪುಗೊಳ್ಳದ ದೋಷ ಇದ್ದ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಗರ್ಭದ ವೇಳೆ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗುತ್ತದೆ ಎಂದು 1991ರಲ್ಲಿ ತೋರಿಸಿದ್ದೂ ಇಂಥದೇ ವಿಜ್ಞಾನ. 1994ರಲ್ಲಿ ಫಿನ್ಲೆಂಡಿನ ಸಿಗರೇಟು ಸೇದುವ ಗಂಡಸರಲ್ಲಿ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರನ್ನು ಶೇ 18 ಹೆಚ್ಚಿಸಿತು ಎಂದು, ತಾವೇ ಅಂದುಕೊಂಡದ್ದಕ್ಕೆ ವಿರುದ್ಧವಾದ ಉತ್ತರವನ್ನು ಬಚ್ಚಿಡದೆ ಹೇಳಿದ್ದೂ ಅದೇ ವಿಜ್ಞಾನ. ಎರಡರಲ್ಲೂ ಯಾವ ಅಂಶ, ಎಷ್ಟು, ಯಾರಿಗೆ ಎಂಬುದು ಖಚಿತವಾಗಿತ್ತು. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಹತ್ತು ಅಂಶಗಳ ಒಟ್ಟು ತೂಕವನ್ನಷ್ಟೇ ಬರೆದ ಡಬ್ಬಿಯ ಬಗ್ಗೆ ಯಾವ ತಜ್ಞ ಏನು ಹೇಳಬಲ್ಲ?

ಈಗ ಎಷ್ಟು ಡಬ್ಬಿಗಳಿವೆ ಎಂಬುದಕ್ಕೂ ಅಂದಾಜೇ ಗತಿ. ಕಾಯ್ದೆ ಬಂದಾಗ ಸುಮಾರು 4,000 ಉತ್ಪನ್ನಗಳಿದ್ದವು. 2019ರಲ್ಲಿ ಎಫ್‌ಡಿಎ ಮುಖ್ಯಸ್ಥರು 50,000, ಇಲ್ಲವೇ 80,000ಕ್ಕೂ ಹೆಚ್ಚು ಇರಬಹುದು ಎಂದರು. ಮಾರುವ ಪ್ರತಿಯೊಂದು ಉತ್ಪನ್ನವನ್ನೂ ಅದರ ಲೇಬಲ್ ಸಮೇತ ಎಫ್‌ಡಿಎಗೆ ಒಪ್ಪಿಸಬೇಕು ಎಂಬ ಮಸೂದೆ 2022ರಲ್ಲಿ ಸೆನೆಟ್‌ಗೆ ಬಂತು. ಅನುಮತಿ ಕೇಳುವುದಲ್ಲ, ಬರೀ ಪಟ್ಟಿ. ಉದ್ಯಮದ ಒಂದು ಸಂಘ ಬೆಂಬಲಿಸಿತು, ಇನ್ನೊಂದು ವಿರೋಧಿಸಿತು, ಮಸೂದೆ ಅಲ್ಲೇ ಉಳಿಯಿತು. ಪಟ್ಟಿ ಕೊಡಲೂ ಒಲ್ಲೆ ಎನ್ನುವವರ ಡಬ್ಬಿಯನ್ನು ನಾನಂತೂ ಮುಚ್ಚಳ ತೆಗೆಯದೆ ಬಿಡುತ್ತೇನೆ.