ಲಾರಿ ತಾನೇ ಬ್ರೇಕ್ ಹಾಕಿದರೆ ಸಾಕೇ?

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಲಿನ ಹೆದ್ದಾರಿಗಳಲ್ಲಿ ಬಲಗಡೆಯ ಸಾಲು ಹಗಲಿಡೀ ಲಾರಿಗಳದ್ದೇ. ವಾಹನಗಳು ಕಟ್ಟಿಕೊಂಡು ನಿಂತಾಗ ಆ ಸಾಲಿನ ತುದಿಯೇ ಇಲ್ಲಿ ಎಲ್ಲರೂ ಹೆದರುವ ಜಾಗ. ಹಿಂದಿನಿಂದ ಬರುವ ನಲವತ್ತು ಟನ್ನಿನ ಲಾರಿಯ ಡ್ರೈವರ್ ಎರಡು ಸೆಕೆಂಡ್ ಮೈಮರೆತರೂ ಮುಂದಿನ ಕಾರು ಅಪ್ಪಚ್ಚಿ.

ಅದಕ್ಕೇ ಐರೋಪ್ಯ ಒಕ್ಕೂಟ 2015ರ ನವೆಂಬರ್‌ನಿಂದ ಹೊಸ ಭಾರೀ ಲಾರಿಗಳಿಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಪರಿಚಯದ ಡ್ರೈವರ್ ಒಬ್ಬರ ಪಕ್ಕ ಕೂತು ಹೋದಾಗ ಅದರ ಕೆಲಸವನ್ನು ಹತ್ತಿರದಿಂದ ನೋಡಿದೆ. ಬಂಪರಿನಲ್ಲಿ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ. ಮುಂದಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂಬುದನ್ನು ರಾಡಾರ್ ಅಳೆಯುತ್ತದೆ. ಅಲ್ಲಿರುವುದು ವಾಹನವೋ, ಮನುಷ್ಯನೋ ಎಂದು ಗುರುತಿಸಲು ಕ್ಯಾಮೆರಾ ನೆರವಾಗುತ್ತದೆ. ಮುಂದಿನ ವ್ಯಾನ್ ಗಕ್ಕನೆ ನಿಧಾನವಾದಾಗ ಮೊದಲು ಕೆಂಪು ದೀಪ, ಕಿವಿಗೆ ಚುಚ್ಚುವ ಸದ್ದು. ಆತ ಬ್ರೇಕ್ ಒತ್ತುವಷ್ಟರಲ್ಲಿ ಲಾರಿಯೇ ಒಮ್ಮೆ ಜಗ್ಗಿತ್ತು. ಆಗಲೂ ಡ್ರೈವರ್ ಸುಮ್ಮನಿದ್ದರೆ ಪೂರ್ತಿ ಬ್ರೇಕ್ ಬೀಳುತ್ತದೆ. ಆದರೆ ಆಕ್ಸಿಲರೇಟರ್ ಬಲವಾಗಿ ತುಳಿದರೆ ಯಂತ್ರ ಹಿಂದೆ ಸರಿಯುತ್ತದೆ, ಕೊನೆಯ ಮಾತು ಡ್ರೈವರನದ್ದೇ.

ಕಾನೂನು ಕೇಳಿದ್ದು ಮೊದಲಿಗೆ ತೀರಾ ಕಡಿಮೆ. ನಿಂತ ವಾಹನದ ಕಡೆಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಲಾರಿ ಡಿಕ್ಕಿಗೆ ಮುಂಚೆ ಬರೀ 10 ಕಿ.ಮೀ. ವೇಗ ಇಳಿಸಿದರೆ ಸಾಕಿತ್ತು. ಆಮೇಲೆ ಅದು 20 ಆಯಿತು. ಇಷ್ಟಕ್ಕೇನು ಲಾಭ ಎನ್ನಬೇಡಿ. ವೇಗ 80ರಿಂದ 60ಕ್ಕೆ ಇಳಿದರೆ ಹೊಡೆತದ ಶಕ್ತಿ ಶೇ 44ರಷ್ಟು ತಗ್ಗುತ್ತದೆ. ಈಗಿನ ಒಳ್ಳೆಯ ಲಾರಿಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಿಲ್ಲುತ್ತವೆ. 2024ರ ಜುಲೈನಿಂದ ತೂಕಡಿಕೆಯ ಎಚ್ಚರಿಕೆ, ಪಕ್ಕದ ಸೈಕಲ್ ಸವಾರರನ್ನು ತೋರಿಸುವ ಸಾಧನ ಕೂಡ ಹೊಸ ಲಾರಿಗಳಲ್ಲಿ ಇರಲೇಬೇಕು.

ನಮ್ಮಲ್ಲೂ ಇದು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಕೇಂದ್ರ ಸಾರಿಗೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಇಂಥ ಸಾಧನಗಳನ್ನು ಬಸ್ಸು ಲಾರಿಗಳಿಗೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ಅದನ್ನು ಓದಿ ಖುಷಿಯಾಯಿತು. ಆದರೆ ಇಲ್ಲಿ ಜರ್ಮನಿಯಲ್ಲಿ ಈ ಯಂತ್ರ ಒಂಟಿಯಾಗಿ ದುಡಿಯುತ್ತಿಲ್ಲ ಎಂಬುದನ್ನು ಊರಿನವರಿಗೆ ಹೇಳಲೇಬೇಕು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ದಿನಕ್ಕೆ ಓಡಿಸಬಹುದಾದದ್ದು ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು. ಟ್ಯಾಕೋಗ್ರಾಫ್ ಎಂಬ ಪೆಟ್ಟಿಗೆ ಇದನ್ನೆಲ್ಲ ಬರೆದಿಡುತ್ತದೆ, ಪೊಲೀಸರು ಕೇಳಿದಾಗ ತೋರಿಸಬೇಕು. ಅಂದರೆ ತೂಕಡಿಕೆಯ ಸಾಧನ ಕೂಗುವ ಮೊದಲೇ ಡ್ರೈವರ್ ಮಲಗಿರಬೇಕು ಎಂಬುದು ಇಲ್ಲಿನ ಲೆಕ್ಕ. ಮಲಗಲು ಜಾಗ ಸಾಲದೆ ರಾತ್ರಿ ಲಾರಿಗಳು ವಿಶ್ರಾಂತಿ ತಾಣದ ದಾರಿಯಂಚಿನವರೆಗೂ ನಿಂತಿರುತ್ತವೆ, ಅದು ಈ ದೇಶದ ಕೊರತೆಯೇ.

ನಮ್ಮಲ್ಲಿ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ರಾತ್ರಿಯಿಡೀ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಲೋಡು ತರುವ, ಬೆಳಿಗ್ಗೆ ಇಳಿಸಿ ಮತ್ತೆ ಹೊರಡುವ ಡ್ರೈವರನ ಗಂಟೆಗಳನ್ನು ಯಾರು ಲೆಕ್ಕ ಇಡುತ್ತಾರೆ? ಸಿರಾ, ಹಿರಿಯೂರಿನ ಕಡೆ ರಾತ್ರಿ ಹೋಗುವಾಗ ನೋಡಿ: ಕೆಟ್ಟು ನಿಂತ ಲಾರಿ, ಹಿಂದೆ ದೀಪವಿಲ್ಲ, ಎಚ್ಚರಿಕೆಗೆಂದು ಇಟ್ಟ ನಾಲ್ಕು ಕಲ್ಲು, ಒಂದು ಹಿಡಿ ಸೊಪ್ಪು. ಆ ಸೊಪ್ಪನ್ನು ನಂಬಿ ಯಾವ ಯಂತ್ರವೂ ಬ್ರೇಕ್ ಹಾಕುವುದಿಲ್ಲ. ಲಾರಿಯ ಹಿಂಬದಿಯನ್ನೇ ಅದು ಕಂಡು ಹಿಡಿಯಬೇಕು. ಕಂಡಾಗಲೂ ಬ್ರೇಕ್‌ಗೆ ಸಾಕಷ್ಟು ದೂರ ಬೇಕು, ಓವರ್‌ಲೋಡ್ ಆದ ಗಾಡಿಗೆ ಇನ್ನೂ ಹೆಚ್ಚು.

ಈ ತಂತ್ರಜ್ಞಾನದ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ಜರ್ಮನಿಯ ಲಾರಿ ಕಂಪನಿ ಡೈಮ್ಲರ್ ಟ್ರಕ್‌ನ ಎಂಜಿನಿಯರಿಂಗ್ ಕೇಂದ್ರವೇ ಅಲ್ಲಿದೆ. ಜಾಣ್ಮೆ ನಮ್ಮಲ್ಲಿ ಕಡಿಮೆಯಿಲ್ಲ. ಹೊಸ ಲಾರಿಗೆ ರಾಡಾರ್ ಕೂರಿಸುವಾಗಲೇ ಡ್ರೈವರನ ಗಂಟೆ ದಾಖಲಿಸುವ ಪೆಟ್ಟಿಗೆಯನ್ನೂ ಕಡ್ಡಾಯ ಮಾಡಲಿ, ಟೋಲ್ ವಸೂಲಿ ಮಾಡುವವರು ದೀಪ, ನೀರು, ಶೌಚಾಲಯವಿರುವ ಲಾರಿ ನಿಲ್ದಾಣ ಕಟ್ಟಲಿ, ಹೆಚ್ಚು ಟ್ರಿಪ್ಪಿಗೆ ಹೆಚ್ಚು ಕಾಸು ಎಂಬ ಲೆಕ್ಕ ಬಿಟ್ಟು ಮಾಲೀಕರು ತಿಂಗಳ ಸಂಬಳ ಕೊಡಲಿ.