"ಏನೂ ಆಗಂಗಿಲ್ರಿ ಸರ" ಅಂದವನ ಕೈಗೆ ಅಪ್ಪನ ಶಕ್ತಿಮಾನ್ ಕೊಟ್ಟು ಕೆಟ್ಟೆ

ಹೊಟ್ಟೆ ಉರಿಯುತ್ತಿದೆ. ನಾಲ್ಕು ದಿನ ಆಯ್ತು, ಅಂಗಳದಲ್ಲಿ ನಿಂತ ಲಾರಿ ಕಡೆ ನೋಡೋಕೆ ಮನಸ್ಸಾಗುತ್ತಿಲ್ಲ. ಯಾರ ಹತ್ತಿರನಾದರೂ ಹೇಳಿಕೊಳ್ಳಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಳೇ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸನ್ಸ್ ಮೇಲೆ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸೈನ್ಯದ ಲಾರಿ. ಅಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ರಾಜಸ್ಥಾನದ ಮರಳಲ್ಲಿ ಆರು ವರ್ಷ ಇಂಥದ್ದೇ ಗಾಡಿ ಓಡಿಸಿದ್ದಾರೆ. ಈಗಲೂ ಇಲ್ಲಿ ಬೆಳಗಾವಿಯಲ್ಲಿ ಸೈನ್ಯದವರಿರುವ ಕ್ಯಾಂಪ್ ಕಡೆ ಹೋದಾಗ ಮಿಲಿಟರಿ ಗಾಡಿ ಎದುರಿಗೆ ಬಂದರೆ ಸ್ಕೂಟರ್ ಸ್ಲೋ ಮಾಡಿ, ಅದು ದಾಟಿ ಹೋಗೋ ತನಕ ನೋಡುತ್ತಾರೆ. ಹೀಗಾಗಿ ಖಾನಾಪುರದ ಕಡೆ ಕಟ್ಟಿಗೆ ಹೇರುತ್ತಿದ್ದ ಈ ಶಕ್ತಿಮಾನ್ ಮಾರಾಟಕ್ಕಿದೆ ಅಂತ ಗೊತ್ತಾದಾಗ ಹಿಂದೆ ಮುಂದೆ ನೋಡದೆ ತಂದೆ. ಹರಾಜಿನಲ್ಲಿ ಹೋಗಿ ಮೂರು ಕೈ ಬದಲಾದ ಗಾಡಿ. ಅದಕ್ಕೆ ಅಪ್ಪ ಓಡಿಸುತ್ತಿದ್ದ ಗಾಡಿಯ ಬಣ್ಣ ಹೊಡೆಸಬೇಕು, ಮರಳಿನ ಬಣ್ಣದ ಮೇಲೆ ಕಂದು ತೇಪೆ, ಅಷ್ಟೇ ನನ್ನ ಆಸೆ.

ಕಾನೂನು ನೋಡಿಕೊಂಡೇ ಕೆಲಸಕ್ಕೆ ಕೈ ಹಾಕಿದ್ದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 121ನೇ ನಿಯಮದಲ್ಲಿ ಸ್ಪಷ್ಟವಾಗಿದೆ: ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಣ್ಣ ಹೊಡೆಯುವಂತಿಲ್ಲ. ಗಾಡಿ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಅದಕ್ಕೆ ಅರ್ಜಿಯನ್ನೂ ಬರೆದಿಟ್ಟಿದ್ದೇನೆ. ಹಸಿರು ಪೂರ್ತಿ ಹೋಗಬೇಕು ಅಂತ ಮೇಸ್ತ್ರಿಗೆ ಮೊದಲ ದಿನವೇ ಹೇಳಿದ್ದೆ. ಅವನು ಏನು ತಂದ ಗೊತ್ತಾ? ಕಂದು ತೇಪೆಗಳ ನಡುವೆ ಹೊಡೆಯೋಕೆ ಒಂದು ಡಬ್ಬಿ ಹಸಿರು. "ಮಿಲಿಟರಿ ಗಾಡಿ ಅಂದ್ರ ಹಸಿರು ಬೇಕ ಬೇಕ್ರಿ ಸರ, ಯಾರ್ ನೋಡ್ತಾರ, ಏನೂ ಆಗಂಗಿಲ್ರಿ." ಚೆಕ್‌ಪೋಸ್ಟಲ್ಲಿ ಗಾಡಿ ನಿಲ್ಲಿಸಿದರೆ ಕೈ ಕಟ್ಟಿ ನಿಲ್ಲಬೇಕಾದವನು ನಾನು. ಅವನಿಗೆ ಏನೂ ಆಗಲ್ಲ, ಅದು ನಿಜ!

ಆ ಡಬ್ಬಿ ವಾಪಸ್ ಕಳಿಸಿದೆ. ಆಮೇಲಿನದ್ದು ಮ್ಯಾಟ್ ಪೇಂಟ್ ಕಥೆ. ಕ್ಯಾಮೊಫ್ಲಾಜ್ ಬಣ್ಣ ಹೊಳೆಯಬಾರದು. ಬಿಸಿಲಿಗೆ ಹೊಳೆದರೆ ಎಷ್ಟೋ ದೂರದಿಂದ ಗಾಡಿ ಕಾಣುತ್ತೆ, ಮತ್ತೆ ಅದನ್ನು ಹೊಡೆದು ಏನು ಉಪಯೋಗ? ಇದನ್ನು ಅಂಗಡಿಯಲ್ಲಿ ನಿಂತು ಎರಡೆರಡು ಸಲ ಹೇಳಿ, 4 ಲೀಟರಿನ ಎರಡು ಡಬ್ಬಿ ಮ್ಯಾಟ್ ತಂದುಕೊಟ್ಟೆ. ಮ್ಯಾಟ್ ಪೇಂಟಲ್ಲಿ ಹೊಳಪು ಕೊಲ್ಲುವ ಪುಡಿ ಇರುತ್ತೆ. ಡಬ್ಬಿ ಇಟ್ಟಲ್ಲೇ ಇದ್ದರೆ ಅದು ತಳಕ್ಕೆ ಕೂತು ಗಟ್ಟಿಯಾಗುತ್ತೆ. ಕೋಲು ಹಾಕಿ, ತಳ ಕೆರೆದು, ಹತ್ತು ನಿಮಿಷ ಚೆನ್ನಾಗಿ ತಿರುವಬೇಕು. ಇಷ್ಟೇ ಕೆಲಸ. ನಾನು ಆಫೀಸಿಗೆ ಹೋದೆ. ಇವನು ಮುಚ್ಚಳ ತೆಗೆದು, ಮೇಲಿನ ತೆಳು ಬಣ್ಣ ಹಾಗೇ ಸ್ಪ್ರೇ ಗನ್ನಿಗೆ ಸುರಿದು ಶುರು ಮಾಡಿದ್ದಾನೆ. ಸಂಜೆ ಬಂದು ನೋಡಿದರೆ ಎಡಗಡೆ ಬಾಗಿಲು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದೆ, ಡಬ್ಬಿಯ ತಳದ ಬಣ್ಣ ಬಿದ್ದ ಬಲಗಡೆ ಬಾಗಿಲು ಸುಣ್ಣದ ಗೋಡೆ ಹಾಗಿದೆ, ಕೈ ಇಟ್ಟರೆ ಅಂಗೈಗೆ ಪುಡಿ ಬರುತ್ತಿದೆ. ಒಂದೇ ಗಾಡಿ, ಒಂದೇ ಡಬ್ಬಿ, ಎರಡು ಬಣ್ಣ! ಕೇಳಿದರೆ "ಒಣಗಿದ ಮ್ಯಾಲ ಎಲ್ಲಾ ಒಂದ ಆಗತೈತ್ರಿ" ಅಂತಾನೆ. ಯಾವ ಬಣ್ಣ ಒಣಗಿ ತಾನೇ ಸರಿಹೋಗಿದ್ದು ನೋಡಿದ್ದಾನೋ ಗೊತ್ತಿಲ್ಲ.

ತೇಪೆಗಳೂ ಹಾಗೇ. ಬಾಗಿಲಿನ ಸಂದಿ, ಬಾನೆಟ್ ಅಂಚು ಎಲ್ಲಾ ದಾಟಿಕೊಂಡು ಹೋದರೆ ಮಾತ್ರ ಗಾಡಿಯ ಆಕಾರ ಕಣ್ಣಿಗೆ ಸಿಗಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದೆ. ಬಾಗಿಲಿಗೊಂದು, ಬಾನೆಟ್ಟಿಗೊಂದು ಅಂತ ಒಂದೇ ಅಳತೆಯ ದುಂಡು ತೇಪೆ ಹೊಡೆದಿದ್ದಾನೆ. ಹಿಂದಿನ ರಿಫ್ಲೆಕ್ಟರ್ ಮೇಲೂ ಬಣ್ಣ. ರಾತ್ರಿ ಹಿಂದಿನಿಂದ ಬರುವವನಿಗೆ ಈ ಗಾಡಿ ಕಾಣೋದು ಹೇಗೆ?

ಇದೆಲ್ಲಾ ಮತ್ತೆ ಉಜ್ಜಿ ಹೊಡೆಯಬಹುದು. ದುಡ್ಡು ಹೋಗುತ್ತೆ, ಹೋಗಲಿ. ಆದರೆ ಆ ಬಾಣದ ಗುರುತು ಎಲ್ಲಿಂದ ತರಲಿ?

ಹೋದ ಭಾನುವಾರ ನಾನು, ಅಪ್ಪ ಇಬ್ಬರೂ ಹಿಂದಿನ ಹಲಗೆಯನ್ನು ವಾಟರ್ ಪೇಪರಲ್ಲಿ ಉಜ್ಜುತ್ತಿದ್ದೆವು. ಕಟ್ಟಿಗೆಯವರು ಬ್ರಷ್ಷಲ್ಲಿ ಬಳಿದ ಹಸಿರು ಹೋಯಿತು, ಅದರ ಕೆಳಗೆ ಕಪ್ಪು, ಅದರ ಕೆಳಗೆ ಬಿಳಿ ಗೆರೆ ಕಂಡಿತು. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರು. ಮೇಲಕ್ಕೆ ಮುಖ ಮಾಡಿದ ಬಾಣ, ಅದರ ಪಕ್ಕ ಎರಡು ಅಂಕಿ. ಸೈನ್ಯದ ಗಾಡಿ ನಂಬರ್ ಶುರುವಾಗೋದೇ ಆ ಬಾಣದಿಂದ, ಪಕ್ಕದ ಎರಡು ಅಂಕಿ ವರ್ಷದ್ದು. "ತಮ್ಮಾ, ಇದನ್ನ ಮುಟ್ಟಬ್ಯಾಡ" ಅಂದರು, ಅಷ್ಟೇ. ಬಾಣದ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದರು.

ರಸ್ತೆಗೆ ಇಳಿಸುವ ಮೊದಲು ಅದರ ಮೇಲೆ ಬಣ್ಣ ಬರಲೇಬೇಕು, ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಮೊದಲು ಉಳಿದ ಅಂಕಿಗಳನ್ನೂ ನಿಧಾನವಾಗಿ ಬಿಡಿಸಿ, ಟ್ರೇಸಿಂಗ್ ಪೇಪರ್ ಇಟ್ಟು ಪೂರ್ತಿ ನಂಬರಿನ ಅಚ್ಚು ತೆಗೆಯೋಣ ಅಂತಿದ್ದೆವು. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಮಾರ್ಕರಲ್ಲಿ "ಮುಟ್ಟಬೇಡಿ" ಅಂತ ಬರೆದೆ. ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ ಬಾಯಿಬಿಟ್ಟು ಹೇಳಿದೆ. ತಲೆ ಆಡಿಸಿದ.

ಮಾರನೇ ದಿನ ಅವನ ಹುಡುಗ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಪೂರ್ತಿ ಹಲಗೆ ತಿಕ್ಕಿಬಿಟ್ಟಿದ್ದಾನೆ, ಟೇಪ್ ಸಮೇತ. ಬರೀ ತಗಡು ಬೆಳ್ಳಗೆ ಕಾಣುತ್ತಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಯೇ ಇಲ್ಲ. ಹೇಳಬೇಕಾದವನು ಬೀಡಿ ಎಳೆಯುತ್ತಾ "ಸ್ಟಿಕರ್ ಮಾಡ್ಸಿ ಹಚ್ಚೂಣ್ರಿ ಸರ, ಏನೂ ಆಗಂಗಿಲ್ರಿ" ಅಂದ. ಅಪ್ಪ ಒಂದು ಮಾತೂ ಆಡದೆ ಒಳಗೆ ಹೋದರು. ಆವತ್ತಿಂದ ಅಂಗಳಕ್ಕೆ ಬಂದಿಲ್ಲ.

ಬೇರೆಯವರ ವಸ್ತುವಿಗೆ "ಏನೂ ಆಗಲ್ಲ" ಅನ್ನೋಕೆ ಇವರು ಯಾರು? ಕೆಲಸ ಬರದಿದ್ದರೆ ಬರಲ್ಲ ಅನ್ನಿ, ಬೇರೆಯವರನ್ನು ಹುಡುಕಿಕೊಳ್ಳುತ್ತೇವೆ. ದುಡ್ಡು ಜಾಸ್ತಿ ಬೇಕಾ, ಬಾಯಿಬಿಟ್ಟು ಕೇಳಿ. ಒಂದು ಗೇಣು ಜಾಗ ಬಿಡಿ ಅಂದದ್ದು ಅಷ್ಟು ಕಷ್ಟದ ಕೆಲಸವಾ?

ಎಂಟು ಸಾವಿರ ಅಡ್ವಾನ್ಸ್ ವಾಪಸ್ ಕೇಳಿದೆ, ಈಗ ಫೋನ್ ಎತ್ತುತ್ತಿಲ್ಲ. ಮೇ ಮುಗಿಯುತ್ತಾ ಬಂತು. ಜೂನ್ ಹಿಡಿದರೆ ಬೆಳಗಾವಿ ಮಳೆ ಹೇಗೆ ಬರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ, ಆ ತೇವದಲ್ಲಿ ಬಣ್ಣ ಹೊಡೆಯೋಕಾಗಲ್ಲ. ಬರೀ ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ನಿನ್ನೆ ರಾತ್ರಿ ಟಾರ್ಚ್ ಇಟ್ಟುಕೊಂಡು ನಾನೇ ಹಿಂದಿನ ಹಲಗೆಗೆ ರೆಡ್ ಆಕ್ಸೈಡ್ ಹೊಡೆದೆ. ಶನಿವಾರ ಬಿಸಿಲಿದ್ದರೆ ಎಡಗಡೆ ಬಾಗಿಲು ಉಜ್ಜುತ್ತೇನೆ. ಕಂಪ್ರೆಸರ್ ಎರಡು ದಿನ ಬಾಡಿಗೆಗೆ ಕೊಡುವವರು ಟಿಳಕವಾಡಿ, ಉದ್ಯಮಬಾಗ್ ಕಡೆ ಯಾರಾದರೂ ಇದ್ದರೆ ತಿಳಿಸಿ. ಬರೀ ಕಂಪ್ರೆಸರ್ ಸಾಕು, ಜೊತೆಗೆ ಮೇಸ್ತ್ರಿ ಬೇಡ.